ವರ್ಲೀನ್ ತಾಯಂದಿರ ಸಾಲಿನಲ್ಲಿ ಕೂತದ್ದು

ವರ್ಲೀನ್ ಟಟ್‌ವೈಲರ್ ಮೆಂಫಿಸ್ ನಗರದಲ್ಲಿ ಸಿಟಿ ಬಸ್ಸು ಓಡಿಸುತ್ತಿದ್ದ ಹೆಂಗಸು. ವಯಸ್ಸು ಐವತ್ತು ದಾಟಿತ್ತು. ಕೋರ್ಟಿನ ಮುಂದೆ ಹಾದುಹೋಗುವ ರೂಟು ಆಕೆಯದು. ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಇಳಿದವರು ಮಧ್ಯಾಹ್ನ ಸಪ್ಪೆ ಮುಖ ಹೊತ್ತು ಹತ್ತುವುದನ್ನು ಕನ್ನಡಿಯಲ್ಲಿ ನೋಡಿ ನೋಡಿ, ಇವರ ಪರವಾಗಿ ಮಾತಾಡುವವರು ಯಾರೂ ಇಲ್ಲವಲ್ಲ ಎಂದು ಹೊಟ್ಟೆ ಉರಿದು, ಸಂಜೆ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದಳು. ಕಾನೂನು ಕಾಲೇಜಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕೇಬಿಟ್ಟಿತು. ಹೆದರಿಕೆ ಶುರುವಾದದ್ದು ಆಮೇಲೆ. ಒಪ್ಪಿಕೊಂಡರೆ ಕೆಲಸ ಬಿಡಬೇಕು. ಬಿಟ್ಟ ಮೇಲೆ ಅಲ್ಲಿನ ಎಳೆಯ ಹುಡುಗರ ನಡುವೆ ಹೊಂದದೆ ಹೋದರೆ ಅತ್ತ ಬಸ್ಸೂ ಇಲ್ಲ, ಇತ್ತ ಕಾಲೇಜೂ ಇಲ್ಲ.

ಆ ಕಾಲೇಜಿನಲ್ಲಿ ಕಪ್ಪು ಜನರ ವಿದ್ಯಾರ್ಥಿ ಸಂಘವೊಂದಿತ್ತು. ಸೀಟು ಸಿಕ್ಕ ತಮ್ಮವರನ್ನು ಹೆತ್ತವರ ಸಮೇತ ವರ್ಷಕ್ಕೊಮ್ಮೆ ಕರೆಸಿ, ಊಟ ಹಾಕಿ, ಒಬ್ಬೊಬ್ಬರಿಗೂ ಒಬ್ಬ ಸೀನಿಯರನ್ನು ಜೊತೆ ಮಾಡಿಕೊಡುವುದು ಅವರ ಪದ್ಧತಿ. ಅಷ್ಟು ದೊಡ್ಡ ತರಗತಿಯಲ್ಲಿ ತಮ್ಮವರು ಬೆರಳೆಣಿಕೆಯಷ್ಟು. ಕೈ ಹಿಡಿಯದಿದ್ದರೆ ಅರ್ಧಕ್ಕೇ ಬಿಟ್ಟುಹೋಗುತ್ತಾರೆಂಬುದು ಸಂಘಕ್ಕೆ ಗೊತ್ತಿತ್ತು. ಅವರಲ್ಲೊಬ್ಬಳಾದ ವರ್ಲೀನ್‌ಗೂ ಕರೆ ಬಂತು. ಒಮ್ಮೆ ನೋಡಿಕೊಂಡು ಬಂದು ತೀರ್ಮಾನ ಮಾಡೋಣವೆಂದು ವರ್ಲೀನ್ ಚರ್ಚಿಗೆ ಹಾಕುವ ನೇರಳೆ ಸೂಟು, ಅದೇ ಬಣ್ಣದ, ಚರ್ಚಿನ ಹಿರಿಯ ಹೆಂಗಸರು ತೊಡುವಂಥ ಹ್ಯಾಟು ಹಾಕಿಕೊಂಡು ಹೊರಟಳು. ಆ ಹ್ಯಾಟೇ ಕೆಡಿಸಿತು ಅನ್ನಿ.

ಬಾಗಿಲಲ್ಲೇ ಸಂಘದ ಅಧ್ಯಕ್ಷೆ ರಶೋಂಡ ಓಡಿಬಂದು ತಬ್ಬಿಕೊಂಡಳು.

"ಬನ್ನಿ ಅಮ್ಮಾ, ಬನ್ನಿ. ಸೀಟು ಮಗಳಿಗೆ ಸಿಕ್ಕಿದ್ದಾ, ಮಗನಿಗಾ?"

ಕುಡಿದು ಹತ್ತಿದವರನ್ನು ಒಂದೇ ಗದರಿಕೆಗೆ ಇಳಿಸುತ್ತಿದ್ದ ವರ್ಲೀನಳ ಬಾಯಿ ಆ ಹೊತ್ತಿಗೆ ಕಟ್ಟಿಹೋಯಿತು. ಏನೋ ತೊದಲುವಷ್ಟರಲ್ಲಿ ಹುಡುಗಿ ಕೈ ಹಿಡಿದು ನಡೆಸಿಕೊಂಡು ಹೋಗಿ ತಂದೆ ತಾಯಂದಿರ ಸಾಲಿನಲ್ಲಿ ಕೂರಿಸಿಯಾಗಿತ್ತು. ಪಕ್ಕದ ಹೆಂಗಸು ತನ್ನ ಮಗನ ಫೋಟೋ ತೋರಿಸಿದಳು. ಚೆನ್ನಾಗಿದ್ದಾನೆ ಎಂದು ವರ್ಲೀನ್ ಹೊಗಳಿದ್ದೂ ಆಯಿತು.

ಊಟಕ್ಕೂ ಇದೇ ಗತಿ. ಹಿರಿಯರ ತಟ್ಟೆ ಮೊದಲು ತುಂಬಬೇಕು, ಅವರು ಎದ್ದು ಹೋಗಿ ಬಡಿಸಿಕೊಳ್ಳಬಾರದು. ಕರಿದ ಮೀನು, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು, ಎಲ್ಲ ಕೂತಲ್ಲಿಗೇ ಬಂತು. ಇಷ್ಟು ಮರ್ಯಾದೆ ಕಲಿಸಿದ ತಾಯಂದಿರನ್ನು ಮೆಚ್ಚಬೇಕು, ಆದರೆ ಆ ಮರ್ಯಾದೆಯೇ ವರ್ಲೀನ್‌ಗೆ ಗೋಡೆಯಾಗಿತ್ತು. ಅತ್ತ ಕಿಟಕಿ ಪಕ್ಕದ ಮೇಜಿನಲ್ಲಿ ಸೀನಿಯರುಗಳು ಹೊಸಬರಿಗೆ ಹೇಗೆ ಓದಬೇಕು, ಯಾವ ಮೇಷ್ಟ್ರಿಗೆ ಹೇಗೆ ಉತ್ತರಿಸಬೇಕು ಎಂದು ಹೇಳಿಕೊಡುತ್ತಿದ್ದರು. ಆಕೆ ಕೇಳಲು ಬಂದದ್ದೇ ಅದನ್ನು. ಇಲ್ಲಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಸುಮ್ಮನೆ ಎದ್ದು ಮನೆಗೆ ಹೋಗಿ, ಸೋಮವಾರ ಎಂದಿನಂತೆ ಬಸ್ಸು ಹತ್ತಿಬಿಡೋಣ ಅನ್ನಿಸಿತು. ಕೈಚೀಲವನ್ನೂ ಎತ್ತಿಕೊಂಡಳು.

ಅಷ್ಟರಲ್ಲಿ ಜೊತೆಗಾರರ ಹೆಸರು ಕೂಗತೊಡಗಿದರು. ಒಬ್ಬೊಬ್ಬರೇ ಎದ್ದು ಕೈ ಕುಲುಕಿದರು. ಕೊನೆಗೆ ರಶೋಂಡ, ತನ್ನ ಪಾಲಿಗೆ ಬಂದವರು ವರ್ಲೀನ್ ಟಟ್‌ವೈಲರ್ ಎಂದು ಹೇಳಿ, ನಗುತ್ತ ಹುಡುಗಿಯರ ಮುಖಗಳನ್ನೆಲ್ಲ ಹುಡುಕಿದಳು.

ವರ್ಲೀನ್ ಎದ್ದು ನಿಂತಳು.

ರಶೋಂಡಳ ಮುಖ ಇಳಿದುಹೋಯಿತು. ಆಮೇಲೆ ಯಾರೋ ಚಪ್ಪಾಳೆ ಶುರುಮಾಡಿದರು, ಎಲ್ಲರೂ ಸೇರಿಕೊಂಡರು. ವರ್ಲೀನ್‌ಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ.

"ಚಪ್ಪಾಳೆ ಸಾಕು. ಇಷ್ಟು ದೂರ ಕೂರ್ಸಿದ್ರೆ ನಾನೇನು ಕಲೀಲಿ?" ಎಂದು ಹೇಳಿ ಕಿಟಕಿ ಪಕ್ಕದ ಮೇಜಿಗೆ ನಡೆದಳು. ಜಾಗ ಬಿಟ್ಟುಕೊಡಲು ಎದ್ದ ಹುಡುಗನ ಹೆಗಲು ಒತ್ತಿ ಕೂರಿಸಿದಳು. "ಏಳ್ಬೇಡ ಮರಿ. ಸ್ವಲ್ಪ ಸರ್ಕೋ."

ಎಲ್ಲರೂ ಒತ್ತರಿಸಿಕೊಂಡು ಕೂತರು. ರಶೋಂಡ ಎದುರಿಗೇ ಕೂತು, ಕ್ಷಮಿಸಿ ಅಂತ ಹೇಳುವುದನ್ನು ಇನ್ನೂ ನಿಲ್ಲಿಸಿರಲಿಲ್ಲ. ವರ್ಲೀನ್ ಅದನ್ನು ಕಿವಿಗೆ ಹಾಕಿಕೊಳ್ಳದೆ ತನ್ನ ಲೆಕ್ಕಾಚಾರ ಬಿಚ್ಚಿದಳು. ತನಗೆ ನೆನಪಿನ ಶಕ್ತಿ ಚೆನ್ನಾಗಿದೆ, ಊರಿನ ಬಸ್‌ಸ್ಟಾಪುಗಳೆಲ್ಲ ಬಾಯಲ್ಲೇ ಇವೆ. ಹಾಗೆಯೇ ಹಳೆಯ ತೀರ್ಪುಗಳನ್ನೂ ಉರು ಹೊಡೆದುಬಿಟ್ಟರೆ ಪರೀಕ್ಷೆ ದಾಟಬಹುದು.

ರಶೋಂಡ ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲದ ಹುಡುಗಿ. ಆದರೂ ತಡೆಯಲಾರದೆ ಹೇಳಿಯೇಬಿಟ್ಟಳು.

"ಇಲ್ಲ ಮಿಸ್ ವರ್ಲೀನ್. ಅದು ಶುದ್ಧ ತಪ್ಪು. ಹಾಗೆ ಓದಿದ್ರೆ ಡಿಸೆಂಬರಿನ ಮೊದಲ ಪರೀಕ್ಷೇಲೇ ಫೇಲು."

ವರ್ಲೀನ್‌ಗೆ ಎದೆ ತುಂಬಿ ಬಂತು. ಬಂದಾಗಿನಿಂದ ಆ ಸಭೆಯಲ್ಲಿ ಆಕೆಯನ್ನು ಯಾರೂ ತಪ್ಪು ಅಂದಿರಲಿಲ್ಲ. ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿದಳು.

"ಹಾಗಾದ್ರೆ ಹೇಗೆ ಓದ್ಬೇಕು, ಹೇಳು."