ತಾಮ್ರದ ಬಿಂದಿಗೆಯ ನೀರು

ನಮ್ಮ ಅತ್ತೆಯ ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತಿತ್ತು. ಹುಣಸೆಹಣ್ಣು ಹಚ್ಚಿ ತಾಮ್ರದ ಬಿಂದಿಗೆ ತಿಕ್ಕಿ ತಿಕ್ಕಿ ಅಂಟಿಕೊಂಡ ಬಣ್ಣ ಅದು. ಮದುವೆಮನೆಗೆ ಹೊರಡುವಾಗ ನಿಂಬೆಹೋಳಿನಿಂದ ಉಜ್ಜಿಕೊಂಡರೂ ಹೋಗುತ್ತಿರಲಿಲ್ಲ. ಸಂಜೆ ತುಂಬಿಟ್ಟು ಬೆಳಿಗ್ಗೆ ಕುಡಿಯುವ ಆ ಬಿಂದಿಗೆಯ ನೀರೆಂದರೆ ಅವರಿಗೆ ದೇವರ ತೀರ್ಥಕ್ಕಿಂತ ಒಂದು ಗುಲಗಂಜಿ ಹೆಚ್ಚು. ಗವಿಪುರಂನ ನಮ್ಮ ಮನೆಯಲ್ಲಿ ತಲೆನೋವಿಗೂ ಅದೇ, ಪರೀಕ್ಷೆಗೆ ಹೊರಟವರಿಗೂ ಅದೇ. "ನೀರೊಂದು ಸರಿಯಾಗಿದ್ರೆ ಮನೇಲಿ ಅರ್ಧ ಕಾಯಿಲೆ ಇರಲ್ಲ ಕಣೆ" ಅನ್ನುತ್ತಿದ್ದರು. ವಾಟರ್ ಫಿಲ್ಟರ್ ಹಾಕಿಸಿದ ದಿನ ಅದಕ್ಕೂ ಕುಂಕುಮವಿಟ್ಟು, ಅದರಲ್ಲಿ ಹಿಡಿದ ನೀರನ್ನು ಬಿಂದಿಗೆಗೇ ಸುರಿದರು.

ನನಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ಡಾಕ್ಟರು ಹಾಸಿಗೆ ಬಿಟ್ಟು ಏಳಕೂಡದು ಎಂದರು. ಬಚ್ಚಲಿಗೆ ಹೋಗಿಬರುವುದೇ ನನ್ನ ಲೋಕಸಂಚಾರ. ಕೋಣೆಗಿದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಕೈ ಚಾಚಿದರೆ ಅವರ ಪೈಪು ಮುಟ್ಟಬಹುದಿತ್ತು. ನಾನೋ, ತರಗತಿಯಲ್ಲಿ ಕುರ್ಚಿಯ ಮೇಲೂ ಕೂರದ ಟೀಚರು. ಎಲ್ಲರ ಮೇಲೂ ಸಿಡಿಸಿಡಿ ಅನ್ನುತ್ತಿದ್ದೆ. ನನ್ನ ಬಾಯಿಗೆ ಹೆದರಿಯೋ ಏನೋ, ನನ್ನ ಗಂಡ ಒಂದು ಪುಟ್ಟ ಗಾಜಿನ ತೊಟ್ಟಿ ತಂದು ಹಾಸಿಗೆಯ ಪಕ್ಕ ಇಟ್ಟರು. ಒಳಗೆ ಕಲ್ಲು, ಪಾಚಿ, ಉಗುರಿನಷ್ಟಿದ್ದ ಕೆಂಪು ಸಿಗಡಿಗಳು. ಹಬ್ಬದ ದಿನ ಈರುಳ್ಳಿಯನ್ನೂ ಒಳಗೆ ಬಿಡದ ಅತ್ತೆ ಏನನ್ನುತ್ತಾರೋ ಎಂದು ಇಬ್ಬರೂ ಕಾದೆವು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. "ಪಾಪ, ಇವೂ ನಿನ್ನ ಹಾಗೇ, ಎಲ್ಲಿಗೂ ಹೋಗೋ ಹಾಗಿಲ್ಲ" ಅಂದರು.

ಸ್ವಲ್ಪ ದಿನದಲ್ಲೇ ಸಿಗಡಿಗಳು ಒಂದೊಂದಾಗಿ ಸಾಯತೊಡಗಿದವು. ನನಗೆ ಬೇರೆ ಕೆಲಸವಿರಲಿಲ್ಲ. ಮಲಗಿದಲ್ಲೇ ಮೊಬೈಲ್ ಹಿಡಿದು ಕಾರಣ ಹುಡುಕಿದೆ. ಬೋರ್‌ವೆಲ್ ನೀರು ಗಡಸು ಎಂದು ಬಿಡಿಸಿದೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು, ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟು ಆಮೇಲೆ ಹಾಕಿಸಿದೆ. ಹೊಸ ತೊಟ್ಟಿ ಹದಕ್ಕೆ ಬರುವ ತನಕ ಒಳಗಿನ ಕೊಳೆಯೇ ವಿಷವಾಗುತ್ತದೆಂದು ಓದಿ, ಮೇವು ಕಡಿಮೆ ಮಾಡಿಸಿ, ಅಮೋನಿಯಾ ನೋಡುವ ಕಿಟ್ ತರಿಸಿದೆ. ಟ್ಯೂಬಿನಲ್ಲಿ ನೀರು ಹಳದಿಯಾಗಿಯೇ ಉಳಿಯಿತು. ಹಾಗೆಂದರೆ ಎಲ್ಲ ಸರಿ. ಹಿಂದಿನ ಎರಡು ಸಲವೂ ನನ್ನ ರಿಪೋರ್ಟಿನಲ್ಲಿ ಎಲ್ಲ ಸರಿಯೇ ಇತ್ತು. ಈ ತೊಟ್ಟಿ ಉಳಿದರೆ ನನ್ನ ಮಗುವೂ ಉಳಿಯುತ್ತದೆ ಎಂಬುದು ಯಾವಾಗ ತಲೆಗೆ ಹೊಕ್ಕಿತೋ, ಹೊಕ್ಕುಬಿಟ್ಟಿತು. ಉಳಿದವುಗಳಲ್ಲಿ ಒಂದು ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಿತ್ತು. ದಿನವಿಡೀ ಅದನ್ನೇ ನೋಡುತ್ತ ಬಿದ್ದಿರುತ್ತಿದ್ದೆ.

ಒಂದು ಬೆಳಿಗ್ಗೆ ಬೇಗ ಎಚ್ಚರವಾಯಿತು. ಅತ್ತೆ ತಾಮ್ರದ ಚೊಂಬು ಹಿಡಿದು ಒಳಗೆ ಬಂದರು. ನನ್ನ ಲೋಟಕ್ಕೆ ನೀರು ಬಗ್ಗಿಸಿ, ಮಿಕ್ಕದ್ದನ್ನು ಬಾಯಲ್ಲೇ ಏನೋ ಹೇಳಿಕೊಳ್ಳುತ್ತ ತೊಟ್ಟಿಗೆ ಸುರಿದರು. ದಿನವೂ ಹಾಗೇ ಮಾಡುತ್ತಿದ್ದರಂತೆ. ತಾಮ್ರ ಸಿಗಡಿಗೆ ವಿಷ ಎಂದು ಹಿಂದಿನ ದಿನವೇ ಓದಿದ್ದೆ. ನಮ್ಮ ಮನೆಯ ಪೈಪು ಪ್ಲಾಸ್ಟಿಕ್ಕಿನದು ಎಂದು ಅದನ್ನು ಅಲ್ಲಿಗೇ ಬಿಟ್ಟಿದ್ದೆ.

"ಅತ್ತೆ, ಹಾಕ್ಬೇಡಿ. ತಾಮ್ರದ ನೀರು ಅವಕ್ಕೆ ವಿಷ. ಅದರಿಂದಾನೇ ಸಾಯ್ತಿರೋದು."

ಅವರು ಚೊಂಬನ್ನು ಎದೆಗವಚಿಕೊಂಡು ನಿಂತುಬಿಟ್ಟರು. ನೋಡಿದರೆ ಅವರ ಕಣ್ಣು ತೊಟ್ಟಿಯ ಮೇಲಿರಲಿಲ್ಲ, ನನ್ನ ಲೋಟದ ಮೇಲಿತ್ತು.

"ನಿಂಗೂ ಅದೇ ನೀರು ಕೊಟ್ಟಿದೀನಲ್ಲೇ" ಅಂದರು. "ಹಿಂದಿನ ಎರಡು ಸಲಾನೂ."

ಮನುಷ್ಯರಿಗೂ ಸಿಗಡಿಗೂ ಅಜಗಜಾಂತರ ಎಂದು ಹೇಳಿದೆ. ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಅವರ ಬಾಯಿಂದಲೇ ಹೇಳಿಸಿದೆ: ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಅತ್ತೆ ಆಯಿತೆಂದು ತಲೆಯಾಡಿಸಿದರು. ಮಧ್ಯಾಹ್ನ ಅಟ್ಟಕ್ಕೆ ಏಣಿ ಹಾಕುವ ಸದ್ದು ಕೇಳಿಸಿತು. ಎದ್ದುಹೋಗಿ ತಡೆಯುವ ಹಾಗಿರಲಿಲ್ಲ. ಮಲಗಿಕೊಂಡೇ ಕೂಗಿದೆ. ಬಿಂದಿಗೆ, ಚೊಂಬು ಎರಡೂ ಅಟ್ಟ ಸೇರಿದವು.

ದಿನವೂ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿದ ಮೇಲೆ ಸಾಯುವುದು ನಿಂತಿತು. ಜೀರಿಗೆಕಾಳಿನಷ್ಟಿದ್ದ ಮರಿಗಳನ್ನು ಮೊದಲು ಕಂಡವರು ಅತ್ತೆಯೇ. ತಿಂಗಳು ತುಂಬಿ ನನಗೆ ಮಗಳು ಹುಟ್ಟಿದಳು. ನಾನು ಆ ಕೋಣೆಯಿಂದ ಹೊರಬಂದೆ. ಅತ್ತೆ ಆ ಬೆಳಗಿನಿಂದ ಹೊರಬರಲೇ ಇಲ್ಲ. ಬಿಂದಿಗೆ ಇಳಿಸೋಣ ಅಂದರೆ "ತಿಕ್ಕೋಕೆ ಈಗ ಕೈಲಾಗಲ್ಲ ಬಿಡು" ಅನ್ನುತ್ತಿದ್ದರು. ಮಗುವಿಗೆ ನೀರು ಕುಡಿಸುವ ಮೊದಲು ತಮ್ಮ ಅಂಗೈಗೆ ಒಂದಿಷ್ಟು ಸುರಿದುಕೊಂಡು ಕುಡಿದು ನೋಡುತ್ತಿದ್ದರು, ಅದು ಸ್ಟೀಲ್ ಲೋಟದ್ದಾದರೂ. ಹೆಬ್ಬೆರಳಿನ ಕಪ್ಪು ಮೆಲ್ಲಗೆ ಮಾಸಿಹೋಯಿತು.

ಹೋದ ವರ್ಷ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹೊರಟ ಮೇಲೆ ಅಟ್ಟದಿಂದ ಬಿಂದಿಗೆ ಇಳಿಸಿದೆ. ಹಸಿರುಗಟ್ಟಿತ್ತು. ಹುಣಸೆಹಣ್ಣು ಹಚ್ಚಿ ತೋಳು ಬೀಳುವ ತನಕ ತಿಕ್ಕಿ, ನೀರು ತುಂಬಿಟ್ಟೆ. ಬೆಳಿಗ್ಗೆ ಅವರ ಫೋಟೋದ ಎದುರು ನಿಂತು ನಾನೊಂದು ಲೋಟ ಕುಡಿದು, ಮಗಳಿಗೂ ಕುಡಿಸಿದೆ. ಅವರು ಈಗಲಾದರೂ ನಂಬಲಿ ಎಂದು.