ಕರುಳಿನ ಹಾರ

ನಿಜಾಮರ ಶಾಲೆಯಲ್ಲಿ ಉರ್ದುವಿನ ಜೊತೆ ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದೆ. ಅದನ್ನೇ ಬಂಡವಾಳ ಮಾಡಿಕೊಂಡು, ಜೇವರ್ಗಿಗೆ ಬಂದಿದ್ದ ಟೆಂಟ್ ಸಿನಿಮಾದ ಮಾಲೀಕನ ಮುಂದೆ ಹೋಗಿ ನಿಂತೆ. ಪರದೆಯ ಪಕ್ಕ ಕುರ್ಚಿ ಹಾಕಿಕೊಂಡು, ತಗಡಿನ ತುತ್ತೂರಿಯಲ್ಲಿ ಇಂಗ್ಲಿಷ್ ಚಿತ್ರದ ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬೇಕಿತ್ತು. ಸಿಗದಿದ್ದರೆ ನೆಲೋಗಿಯ ಸೋದರಮಾವನ ಎಮ್ಮೆ ಕಾಯುವುದೇ ಗತಿ. ಆ ಎಮ್ಮೆಗಳಿಗೂ ನನ್ನ ಮೇಲೆ ಗೌರವವಿರಲಿಲ್ಲ.

ಚಿತ್ರ, ಹೆಣಗಳ ತುಂಡು ಹೊಲಿದು ಮನುಷ್ಯನನ್ನು ಮಾಡುವ ಡಾಕ್ಟರನದು. ಪರದೇಶದ ಹಳೆಯ ಕಥೆ. ಕೈ ಕತ್ತರಿಸುತ್ತಾನೆ, ಎದೆ ಬಗೆಯುತ್ತಾನೆ. ಆದರೆ ಕಪ್ಪು ಬಿಳುಪಿನಲ್ಲಿ ರಕ್ತವೆಲ್ಲ ಗಾಡಿಯ ಕೀಲೆಣ್ಣೆಯಂತೆ ಕಾಣುತ್ತಿತ್ತು. ಮೊದಲ ದಿನ ಬಂದ ನಾಲ್ಕಾರು ಜನ ಆಕಳಿಸಿ ಎದ್ದು ಹೋಗಿದ್ದರು.

"ಮೊದಲ ಮಂದಿ ಕೂಡಸು, ಆಮ್ಯಾಲ ಕುರ್ಚಿ," ಎಂದ ಮಾಲೀಕ. "ಮಾರಿಗಿ ಕೆಂಪ್ ಬಣ್ಣ ಬಳಕೊಂಡು, ಹೆಣ ಆಗಿ ಬಂಡ್ಯಾಗ ಊರ ಸುತ್ತು."

ಬಣ್ಣವಂತೆ! ನಾನು ಕಲಾವಿದ. ಕಟುಕನ ಅಂಗಡಿಯಿಂದ ಆಡಿನ ಹಸಿ ಕರುಳು ತಂದು ಹಾರದಂತೆ ಕೊರಳಿಗೆ ಹಾಕಿಕೊಂಡೆ. ಮುಖಕ್ಕೆಲ್ಲ ರಕ್ತ. ಮಧ್ಯಾಹ್ನದ ಬಿಸಿಲಿಗೆ ನನ್ನ ಪರಿಮಳ ನನಗಿಂತ ಮೊದಲೇ ಬಜಾರು ತಲುಪಿತು. ಜಾಹೀರಾತು ಎಲ್ಲರಿಗಿಂತ ಮೊದಲು ಅರ್ಥವಾದದ್ದು ನಾಯಿಗಳಿಗೆ.

ಒಂದು ನಾಯಿ ಕರುಳು ಕಚ್ಚಿ ಜಗ್ಗಿ ನನ್ನನ್ನು ಬಂಡಿಯಿಂದ ಕೆಡವಿತು. ಇನ್ನೊಂದು, ಒಂದು ಕಿವಿ ಹರಿದ ಕರಿ ನಾಯಿ, ಆಡು ಯಾವುದು, ನಾನು ಯಾವುದು ಎಂದು ವಿಚಾರಿಸಲೇ ಇಲ್ಲ. ನೇರ ಮೀನಖಂಡಕ್ಕೇ ಬಾಯಿ ಹಾಕಿತು.

"ಬಿಡಸ್ರಿ! ಸಾಯಾಕತ್ತೇನ್ರಿ!"

"ಏನ್ ಪಾರ್ಟ್ ಮಾಡ್ತಾನಲೇ ಮಗಾ!" ಎಂದು ಯಾರೋ ಕೂಗಿದರು. ಚಪ್ಪಾಳೆ ಬಿತ್ತು. ಮುದುಕಿಯೊಬ್ಬಳು ಚೆನ್ನಾಗಿ ಕಾಣಲೆಂದು ಮೊಮ್ಮಗನನ್ನು ಎತ್ತಿ ಹಿಡಿದಳು.

ನಾಯಿಗಳನ್ನು ಓಡಿಸಲು ಬಂಡಿಯವ ಬಾರುಕೋಲು ಎತ್ತಿದ. ಬಂಡಿಯ ಹಿಂದೆಯೇ ನಡೆದು ಬರುತ್ತಿದ್ದ ಮಾಲೀಕ ಅವನ ಕೈ ಹಿಡಿದ. "ತಡೀಲೇ, ಮಂದಿ ಇನ್ನಾ ಕೂಡಾಕತ್ತಾರ."

ಸಂಜೆ ಟೆಂಟು ಕಿಕ್ಕಿರಿಯಿತು. ಕಾಲಿಗೆ ಹರಕು ಧೋತರ ಸುತ್ತಿಕೊಂಡು ಕುಂಟುತ್ತಾ ಕುರ್ಚಿಯ ಕಡೆ ನಡೆದೆ. ಅಲ್ಲಿ ಬಂಡಿಯವ ಕೂತಿದ್ದ. ಇಂಗ್ಲಿಷಿನ ಗಂಧವೇ ಇಲ್ಲದವನು ತುತ್ತೂರಿಯಲ್ಲಿ, "ಕೈ ಕಡದಾ! ಈಗ ಕಾಲ್ ಕಡದಾ!" ಎಂದು ಕೂಗುತ್ತಿದ್ದ. ಜನಕ್ಕೆ ಅಷ್ಟು ಸಾಕಾಗಿತ್ತು.

"ಕುರ್ಚಿ ನನಗ ಅಂದಿದ್ರಲ್ರಿ?"

"ಕಥಿ ಯಾರರೆ ಹೇಳ್ತಾರೋ," ಎಂದು ಮಾಲೀಕ ಪ್ರೀತಿಯಿಂದ ನನ್ನ ಬೆನ್ನು ತಟ್ಟಿದ. "ನಿನ್ನಂಗ ಒದರಾಕ ಯಾರಿಗಿ ಬರ್ತದ? ನಾಳಿ ಅಫಜಲಪುರದಾಗ ಇನ್ನಾ ಜೋರ್ ಒದರು."

ಹೊರಗೆ ಬಂದೆ. ಕಿವಿ ಹರಿದ ಕರಿ ನಾಯಿಯನ್ನು ಟೆಂಟಿನ ಗೂಟಕ್ಕೆ ಕಟ್ಟಿದ್ದರು. ಹಿಂದೆಯೇ ಬಂದ ಮಾಲೀಕ ಅಡುಗೆಯವನಿಗೆ ಹೇಳಿದ: "ಅದಕ ನಾಳಿ ತನಕಾ ಏನೂ ಹಾಕಬ್ಯಾಡ."

ನಾಯಿ ನನ್ನ ಗುರುತು ಹಿಡಿದು ಬಾಲ ಅಲ್ಲಾಡಿಸಿತು.