ಸೂಗಮ್ಮನ ಮಾತು, ಸೊಸೈಟಿಯ ಅಕ್ಕಿ

ಸೂಗಮ್ಮನ ಗುಲಾಬಿ ಸೀರೆ ಕಂಡರೆ ಊರಿನ ನಾಯಿಗಳೂ ಬೊಗಳುವುದಿಲ್ಲ. ಅಷ್ಟು ವರ್ಷ ಅಷ್ಟು ಓಣಿ ತಿರುಗಿದ್ದಾಳೆ. ಸುರಪುರದ ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋದ ಮೇಲೆ ಹತ್ತಿಯ ಹೊಲಗಳ ನಡುವೆ ನಡೆದು ಸೇರಬೇಕಾದ ಆ ಊರಿಗೆ ಆಶಾ ಕಾರ್ಯಕರ್ತೆ ಎಂದರೆ ಅವಳೊಬ್ಬಳೇ. ಯಾರ ಸೊಸೆ ಬಸುರಿ, ಯಾವ ಕೂಸಿಗೆ ಯಾವ ಸೂಜಿ ಬಾಕಿ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ. ಆ ನಾಲಿಗೆಯೂ ಬ್ಯಾಡಗಿ ಅಲ್ಲ, ಗುಂಟೂರು ಮೆಣಸಿನಕಾಯಿ. “ಕೂಸು ಹುಟ್ಟಸಾಕ ಬರ್ತದ, ಎತ್ಕೊಂಡು ದವಾಖಾನಿಗೆ ಬರಾಕ ಬರಂಗಿಲ್ಲೇನು?” ಎಂದು ಕಟ್ಟೆಯ ಮೇಲೆ ಕೂತ ಗಂಡಸರನ್ನು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮನೆಗೆ ಹೋಗುವ ಹೆಂಗಸು.

ಬೈಸಿಕೊಂಡವರೇ ಬಾಗಿಲು ತೆರೆಯುತ್ತಿದ್ದರು. ಕೂಲಿ ಮಾಡುವ ತಿಮ್ಮವ್ವನನ್ನೇ ನೋಡಿ. ಮಗ ಮರಿಲಿಂಗ ಕಡೇಚೂರಿನ ಫ್ಯಾಕ್ಟರಿಯಲ್ಲಿ ದುಡಿಯುತ್ತಾ ಅಲ್ಲೇ ರೂಮು ಮಾಡಿಕೊಂಡಿದ್ದ. ಮನೆಯಲ್ಲಿ ತಿಮ್ಮವ್ವ, ಸೊಸೆ ಪರಿಮಳಾ, ಒಂದು ಮೊಮ್ಮಗಳು. ಆ ಮೊಮ್ಮಗಳ ಪ್ರತಿ ಸೂಜಿಗೂ ತಿಮ್ಮವ್ವ ತಾನೇ ಕೂಸನ್ನು ಸೊಂಟಕ್ಕೇರಿಸಿಕೊಂಡು ಅಂಗನವಾಡಿಗೆ ಬರುತ್ತಿದ್ದಳು. ಅದು ಕಿರುಚಿಕೊಂಡರೆ, “ಚೀರು, ಚೀರು, ಗಟ್ಟಿ ಆಗ್ತಿ” ಎಂದು ನಗುತ್ತಿದ್ದಳು. ಒಬ್ಬ ಮುದುಕಿ ಹೀಗೆ ನಗುತ್ತಾ ಕೂಸು ತರುವ ಹಾಗಾಗಲು ಎಷ್ಟು ಮನೆಗಳ ಬೈಗುಳ ತಿನ್ನಬೇಕು ಎಂಬುದು ಸೂಗಮ್ಮನಿಗಷ್ಟೇ ಗೊತ್ತಿತ್ತು.

ಕೊರೊನಾದ ಎರಡನೇ ಅಲೆ ಊರಿಗೂ ಬಂದು ನಾಲ್ಕಾರು ಜನರನ್ನು ಹೊತ್ತುಕೊಂಡು ಹೋಯಿತು. ಆಮೇಲೆ ಲಸಿಕೆ ಬಂತು. ಲಸಿಕೆಗಿಂತ ಮೊದಲು ಅದರ ಮಾತು ಬಂತು. ಅಮೀನಸಾಬನ ಚಹಾದಂಗಡಿಯಲ್ಲಿ ಬೆಳಗಿನಿಂದ ಅದೇ ಪಂಚಾಯಿತಿ. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ ಎಂದು ಒಬ್ಬ. ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ಇನ್ನೊಬ್ಬ, ಮೊಬೈಲನ್ನು ಎಲ್ಲರ ಮೂಗಿಗೆ ಹಿಡಿದು. ಹಾಕಿಸಿಕೊಳ್ಳದವರನ್ನು ಜೈಲಿಗೆ ಹಾಕಬೇಕು ಎಂದು ಶಾಲೆಯ ಮಾಸ್ತರು. “ಊರಾಗ ಡಾಕ್ಟರು ಹೆಚ್ಚಾಗ್ಯಾರ, ಚಾ ಕುಡಿಯೋರು ಕಡಿಮಿ ಆಗ್ಯಾರ” ಎಂದು ಅಮೀನಸಾಬ.

ನಡುವಿನ ಮಾತು ಯಾರಿಗೂ ಬೇಕಿರಲಿಲ್ಲ. ಸೂಗಮ್ಮ ಆಡುತ್ತಿದ್ದುದು ಆ ನಡುವಿನ ಮಾತು. ಜ್ವರ ಬರುತ್ತದೆ, ಕೈ ನೋಯುತ್ತದೆ, ಅಪರೂಪಕ್ಕೆ ಯಾರಿಗೋ ಹೆಚ್ಚಿನ ತ್ರಾಸೂ ಆದೀತು, ಆದರೆ ಬೇನೆ ಬಂದರೆ ಆಗುವುದರ ಮುಂದೆ ಇದು ಏನೂ ಅಲ್ಲ ಎನ್ನುತ್ತಿದ್ದಳು. ಅದಕ್ಕೂ ತಾಲೂಕು ಆರೋಗ್ಯ ಇಲಾಖೆಯ ಮೀಟಿಂಗಿನಲ್ಲಿ ಬೈಸಿಕೊಂಡಳು. “ಏನೂ ಆಗಲ್ಲ ಅಂತ ಹೇಳಮ್ಮ. ಜ್ವರದ ಮಾತು ಯಾಕೆ ತೆಗೀತೀಯ?” ಎಂದರು ಸಾಹೇಬರು.

“ಏನೂ ಆಗಂಗಿಲ್ಲ” ಎಂಬ ಆ ಮಾತೇ ತಿಮ್ಮವ್ವನಿಗೆ ಆಗದು. ಅವಳ ಹಿರಿ ಮಗಳಿಗೆ ಎಂದೋ ಒಂದು ಕ್ಯಾಂಪಿನಲ್ಲಿ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿದವರು ಅದನ್ನೇ ಹೇಳಿದ್ದರು. ಹೊಲಿಗೆ ಕೀವು ಹಿಡಿಯಿತು. ಕ್ಯಾಂಪು ಎದ್ದು ಹೋಗಿತ್ತು. ಮಗಳು ನರಳಿ ನರಳಿ ಸತ್ತಳು.

“ಏನಾರ ಆದ್ರ ಯಾರು ಬರ್ತಾರ, ಅದು ಹೇಳು,” ಎಂದು ಕೇಳಿದಳು ತಿಮ್ಮವ್ವ.

“ನಾ ಬರ್ತೀನಿ, ಅತ್ತಿ. ಜ್ವರ ಬಂದ್ರೂ ಬರ್ತೀನಿ, ಬರದಿದ್ರೂ ಬರ್ತೀನಿ.”

“ಬ್ಯಾಡ ಅಂದ್ರ?”

“ಬ್ಯಾಡ ಅಂದ್ರ ಬಿಡ್ತೀನಿ. ಜುಲ್ಮಿ ಇಲ್ಲ. ನಿನ್ನ ಕೈ, ನಿನ್ನ ಖುಷಿ.”

ತಿಮ್ಮವ್ವ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟಳು. “ಐದನೇ ಮಂಗಳವಾರದ ವಾರ ಮುಗೀಲಿ. ವಾರ ಹಿಡದಾಗ ಮೈಗೆ ಕಬ್ಬಿಣ ತಾಗಸಬಾರದು. ಮರುದಿನ ಬುಧವಾರ ಅಕ್ಕಿ ತರೋದದ. ಬೇಸ್ತವಾರ ನಿನ್ನ ಕೂಡ ಬರ್ತೀನಿ,” ಎಂದಳು.

ಸೂಗಮ್ಮ ಮನೆಗೆ ಹೋಗುವಾಗ ಹಾಡೊಂದನ್ನು ಗುನುಗಿದಳಂತೆ. ತಿಮ್ಮವ್ವ ಬಂದರೆ ಆ ಓಣಿಯೇ ಬಂದ ಹಾಗೆ.

ಆ ವರ್ಷ ಊರಿನ ಹಿರಿಯರು ಬೇನೆ ತೊಲಗಲೆಂದು ಐದು ಮಂಗಳವಾರ ವಾರ ಹಿಡಿದಿದ್ದರು. ವಾರದ ದಿನ ಊರೊಳಗೆ ಒಲೆ ಹೊತ್ತಿಸುವಂತಿಲ್ಲ. ನಸುಕಿನಲ್ಲೇ ಮನೆಗೆ ಬೀಗ ಹಾಕಿ, ದನ, ಕೋಳಿ, ಕೂಸು ಎಲ್ಲವನ್ನೂ ಕಟ್ಟಿಕೊಂಡು ಹೊಲದ ಬೇವಿನ ಗಿಡಗಳ ಕೆಳಗೆ ಹೋಗಬೇಕು. ಅಲ್ಲೇ ಬೇಯಿಸಿ ಉಂಡು, ದೀಪ ಹಚ್ಚುವ ಹೊತ್ತಿಗೆ ಮರಳಬೇಕು. ಅಮೀನಸಾಬನೂ ಅಂಗಡಿ ಮುಚ್ಚಿ ಹೆಂಡತಿ ಮಕ್ಕಳೊಂದಿಗೆ ಹೊರಡುತ್ತಾನೆ. ಊರು ಮಾಡಿದ ಕಟ್ಟಳೆ ಎಲ್ಲರಿಗೂ ಒಂದೇ.

ಇದನ್ನೆಲ್ಲ ಸೂಗಮ್ಮ ಮೀಟಿಂಗಿನಲ್ಲಿ ಬಾಯಿ ಬಿಟ್ಟು ಹೇಳಿದ್ದಳು. “ಮಂಗಳವಾರ ಮಾತ್ರ ಬ್ಯಾಡ್ರಿ ಸಾಹೇಬ್ರ.” ಸಾಹೇಬರು ತಲೆಯಾಡಿಸಿದ್ದರು. ನಾಲ್ಕನೇ ವಾರದ ದಿನವೇ ಲಸಿಕೆಯ ಜೀಪು ಊರಿಗೆ ಬಂತು! ಕೋಣನ ಮುಂದೆ ಕಿನ್ನರಿ ಬಾರಿಸಿದ್ದರೂ ಅದು ಒಮ್ಮೆ ಕಿವಿ ಅಲ್ಲಾಡಿಸುತ್ತಿತ್ತೇನೋ.

ಬಂದವರಿಗೆ ಕಂಡದ್ದು ಬೀಗ ಹಾಕಿದ ಬಾಗಿಲುಗಳು. ಒಬ್ಬ ಅದರ ವಿಡಿಯೊ ಮಾಡಿಕೊಂಡ. ಸಂಜೆ ಜನ ಹೊಲದಿಂದ ಮರಳುವಷ್ಟರಲ್ಲಿ ಮೊಬೈಲಿನಲ್ಲೆಲ್ಲ ಅದೇ ಸುದ್ದಿ: ಲಸಿಕೆಗೆ ಹೆದರಿ ಊರು ಬಿಟ್ಟು ಓಡಿದ ಜನ. “ನಾವೆಲ್ಲಿ ಓಡಿದ್ವಿ? ಸಜ್ಜಿ ರೊಟ್ಟಿ ಬಡಕೊಂತ ಕುಂತಿದ್ವಿ,” ಎಂದು ತಿಮ್ಮವ್ವ ನಕ್ಕಳು. ಸೂಗಮ್ಮನಿಗೆ ನಗು ಬರಲಿಲ್ಲ. ಸಾಹೇಬರ ಆಫೀಸಿಗೆ ಫೋನು ಮಾಡಿದಳು. ವಾರ ಎಂದರೇನು ಎಂದು ಮತ್ತೆ ಮೊದಲಿನಿಂದ ವಿವರಿಸಿದಳು. ಆ ಕಡೆಯವರು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಅವಳು ಕೇಳಿದ್ದು ನಂಬಿ ಎಂದಲ್ಲ, ಇನ್ನೊಂದು ದಿನ ಬನ್ನಿ ಎಂದಷ್ಟೇ.

ಅದಾದ ಮೇಲೆ ಹುಕುಂ ಬಂತು. ಯಾರ ಸಹಿ, ಎಲ್ಲಿಯ ಕಾಗದ, ಯಾರೂ ಕಾಣಲಿಲ್ಲ. ಬಾಯಿಂದ ಬಾಯಿಗೆ ಬಂತು. ಸೂಜಿ ಇಲ್ಲದಿದ್ದರೆ ರೇಷನ್ ಇಲ್ಲ.

ಐದನೇ ವಾರ ಮುಗಿದ ಮರುದಿನ, ಬುಧವಾರ, ಸೊಸೈಟಿಯ ಬಾಗಿಲಲ್ಲಿ ತಕ್ಕಡಿಯ ಪಕ್ಕ ಒಂದು ಟೇಬಲ್ಲು, ಟೇಬಲ್ಲಿನ ಹಿಂದೆ ಸೂಜಿ ಹಾಕುವ ಸಿಸ್ಟರ್, ಸಿಸ್ಟರಿನ ಹಿಂದೆ ಸಾಹೇಬರು. ಸೂಗಮ್ಮನನ್ನು ಕರೆಸಿ ಮುಂದೆ ನಿಲ್ಲಿಸಿದರು, ಜನ ಅವಳ ಮುಖ ನೋಡಿ ಸುಮ್ಮನಿರುತ್ತಾರೆಂದು. ಸೊಸೈಟಿಯ ಅಂಬ್ರಪ್ಪ ಕೊಳಗ ಕೈಯಲ್ಲಿ ಹಿಡಿದು, ಯಾರ ಕಣ್ಣನ್ನೂ ನೋಡದೆ, “ಮೊದಲ ಸೂಜಿ, ಆಮ್ಯಾಲ ಅಕ್ಕಿ. ನನ್ನ ಕೈಯಾಗ ಏನಿಲ್ಲ,” ಎನ್ನುತ್ತಿದ್ದ.

ಸಾಲಿನಲ್ಲಿ ಚೀಲ ಹಿಡಿದು ನಿಂತ ತಿಮ್ಮವ್ವನನ್ನು ಕಂಡಾಗ ಸೂಗಮ್ಮ ಸಾಹೇಬರ ಕಡೆ ತಿರುಗಿದಳು.

“ಸಾಹೇಬ್ರ, ಇವರನ್ನ ಇವತ್ತ ಬಿಡ್ರಿ. ನಾಳಿ ತಾವಾಗೇ ಬರ್ತಾರ. ಮಾತು ಕೊಟ್ಟಾರ.”

“ಇವತ್ತೇ ಬಂದಿದ್ದಾರಲ್ಲ. ಏನು ತೊಂದರೆ?”

“ಅಕ್ಕಿಗೆ ಬಂದಾರ್ರಿ. ಸೂಜಿಗೆ ಬಂದಿಲ್ಲ. ಅವರ ಬಸುರಿ ಸೊಸಿ ಮನ್ಯಾಗ ಅದಾಳ, ಮುಂದ ಹುಟ್ಟೋ ಕೂಸಿನ ಸೂಜಿಗೆ…”

“ನೋಡಮ್ಮ,” ಎಂದರು ಸಾಹೇಬರು. ಅವರ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಾಗಿದ್ದವು. “ನನ್ನ ಅಣ್ಣ ಆಸ್ಪತ್ರೇಲಿ ಹಾಸಿಗೆ ಸಿಗದೆ ಸತ್ತ. ಇವರು ಯಾವಾಗ ಮನಸ್ಸು ಮಾಡ್ತಾರೆ ಅಂತ ಕಾಯ್ತಾ ಕೂರೋಕೆ ನನಗಾಗಲ್ಲ.”

ಅದೂ ಸುಳ್ಳಲ್ಲ. ಸುಳ್ಳಾಡುವವರಾಗಿದ್ದರೆ ಸೂಗಮ್ಮನ ನಾಲಿಗೆ ಸುಮ್ಮನಿರುತ್ತಿರಲಿಲ್ಲ.

ತಿಮ್ಮವ್ವ ಟೇಬಲ್ಲಿನ ಮುಂದೆ ಬಂದಳು. ಜಗಳ ಮಾಡಲಿಲ್ಲ. ಕುಪ್ಪಸದ ತೋಳು ಮೇಲೆ ಸರಿಸುತ್ತಾ, ಮೆಲ್ಲಗೆ ಅಂದಳು, “ನಾಳಿ ಬರಾಕಿ ಇದ್ದೆನಲ್ಲ, ಸೂಗವ್ವ.”

ಸೂಜಿ ಚುಚ್ಚಿದರು. ಅಂಬ್ರಪ್ಪ ಅಕ್ಕಿ ತೂಗಿದ. ಎಂದಿಗಿಂತ ಒಂದು ಹಿಡಿ ಹೆಚ್ಚೇ ಹಾಕಿದ. ತಿಮ್ಮವ್ವ ಆ ಹಿಡಿಯನ್ನು ಚೀಲದಿಂದ ತೆಗೆದು ವಾಪಸ್ ಅವನ ರಾಶಿಗೆ ಸುರಿದು ಹೋದಳು.

ಮರುದಿನ ಬೇಸ್ತವಾರ. ಕೊಟ್ಟ ಮಾತಿನ ಪ್ರಕಾರ ಸೂಗಮ್ಮ ಜ್ವರದ ಗುಳಿಗೆ ಹಿಡಿದು ಆ ಮನೆಗೆ ಹೋದಳು. ಬಾಗಿಲು ಹಾಕಿತ್ತು. “ಜ್ವರ ಬಂದಾವ್ರಿ ಆಶಾಕ್ಕ. ಆದ್ರ ನೀವು ಬರೋದು ಬ್ಯಾಡ ಅಂದಾರ,” ಎಂದು ಪರಿಮಳಾ ಒಳಗಿನಿಂದಲೇ ಹೇಳಿದಳು. ಸೂಗಮ್ಮ ಗುಳಿಗೆಗಳನ್ನು ಕಿಟಕಿಯಲ್ಲಿಟ್ಟು ಬಂದಳು. ಜ್ವರ ಅವಳು ಹೇಳಿದಂತೆಯೇ ಬಂದು, ಹೇಳಿದಂತೆಯೇ ಹೋಯಿತು. ಅದರಿಂದ ಅವಳ ಮಾತಿಗೆ ಒಂದು ಕಾಸಿನ ಬೆಲೆಯೂ ಹೆಚ್ಚಲಿಲ್ಲ.

ಲಸಿಕೆಯಲ್ಲಿ ಊರು ನೂರಕ್ಕೆ ನೂರು ಆಯಿತು. ಅದಕ್ಕೆ ಸುರಪುರದಲ್ಲೊಂದು ಸಭೆ, ಸಭೆಗೊಂದು ವೇದಿಕೆ. ಸೂಗಮ್ಮನಿಗೆ ಶಾಲು ಹೊದಿಸಿದರು. ಜನರ ಮನ ಒಲಿಸಿದ ತಾಯಿ ಎಂದು ಮೈಕಿನಲ್ಲಿ ಹೊಗಳಿದರು. ನಾನು ಯಾರ ಮನವನ್ನೂ ಒಲಿಸಲಿಲ್ಲ, ಒಲಿದ ಮನವನ್ನು ನೀವೇ ಕೆಡಿಸಿದಿರಿ ಎಂದು ಹೇಳಬೇಕೆಂದು ಅವಳು ಮೈಕಿನ ಕಡೆ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ಮುಂದಿನ ಊರಿನವಳ ಹೆಸರು ಕರೆದರು. ಶಾಲನ್ನು ಬಸ್ಸಿನಲ್ಲೇ ಮಡಚಿ ಚೀಲದ ತಳಕ್ಕೆ ತುರುಕಿದಳು.

ಪರಿಮಳಾ ಗಂಡು ಹೆತ್ತಳು. ಹೆರಿಗೆ ನೋವು ಬಂದಾಗ ಸೂಗಮ್ಮನಿಗೆ ಹೇಳಿ ಕಳಿಸಲಿಲ್ಲ. ಮರಿಲಿಂಗ ಬಂದು ಬಾಡಿಗೆ ಟಂಟಂ ಆಟೊದಲ್ಲಿ ದವಾಖಾನೆಗೆ ಕರೆದೊಯ್ದ. ಬಾಣಂತಿ ಮರಳಿದ ಮೇಲೂ ಆ ಬಾಗಿಲು ಸೂಗಮ್ಮನಿಗೆ ತೆರೆಯಲಿಲ್ಲ.

ಕೂಸಿಗೆ ಒಂದೂವರೆ ತಿಂಗಳಾಯಿತು. ಸಿಸ್ಟರ್ ಲಸಿಕೆಯ ಐಸ್ ಡಬ್ಬಿ ಇಟ್ಟುಕೊಂಡು ಅಂಗನವಾಡಿಯಲ್ಲಿ ಕೂತಿದ್ದಳು. ಸೂಗಮ್ಮ ಓಣಿಗೆ ಬಂದಾಗ ತಿಮ್ಮವ್ವ ಹೊಸ್ತಿಲ ಮೇಲೇ ಇದ್ದಳು, ಮೊಮ್ಮಗಳ ತಲೆ ಬಾಚುತ್ತಾ.

“ಅತ್ತಿ, ಕೂಸಿಗೆ ಒಂದೂವರಿ ತಿಂಗಳ ಸೂಜಿ ಅದ. ನಿನ್ನ ತೊಡಿ ಮ್ಯಾಲ ಕುಂತಾಕಿಗೂ ಇದನ್ನ ಹಾಕ್ಸಿದ್ದೆವಲ್ಲ. ನೀನೇ ಎತ್ಕೊಂಡು ಬಂದಿದ್ದಿ.”

ತಿಮ್ಮವ್ವ ಬಾಚಣಿಗೆ ನಿಲ್ಲಿಸಲಿಲ್ಲ. ದನಿ ಏರಿಸಲೂ ಇಲ್ಲ.

“ಇದಕ್ಕ ಏನು ಬಂದ್ ಮಾಡ್ತೀರವ್ವ? ನನಗ ಅಕ್ಕಿ ಬಂದ್ ಮಾಡಿದ್ರಿ. ಕೂಸು ಅಕ್ಕಿ ತಿನ್ನಂಗಿಲ್ಲ. ಅದರ ತಾಯಿ ಹಾಲು ಬಂದ್ ಮಾಡಸ್ತೀರೇನು?”

ಒಳಗಿನಿಂದ ಪರಿಮಳಾ ಕೂಸನ್ನು ಎತ್ತಿಕೊಂಡು ಬಾಗಿಲ ತನಕ ಬಂದಳು. ಅತ್ತೆಯ ಬೆನ್ನು ನೋಡಿದಳು, ಸೂಗಮ್ಮನ ಮುಖ ನೋಡಿದಳು, ಒಳಗೆ ಹೋದಳು.

ಸೂಗಮ್ಮ ಎದುರು ಮನೆಯ ಕಟ್ಟೆಯ ಮೇಲೆ ಕೂತಳು. “ನೀ ಬಾ ಅನ್ನೋತನ ಇಲ್ಲೇ ಇರ್ತೀನಿ,” ಎಂದಳು. ತಿಮ್ಮವ್ವ ಜಡೆ ಹೆಣೆದು ಮುಗಿಸಿ, ಮೊಮ್ಮಗಳನ್ನು ಒಳಗೆ ಕಳಿಸಿ, ತಾನೂ ಹೋಗಿ ಅಗಳಿ ಹಾಕಿಕೊಂಡಳು. ಬಿಸಿಲು ಇಳಿದರೂ ಅಗಳಿ ತೆಗೆಯಲಿಲ್ಲ. ಸಿಸ್ಟರ್ ಡಬ್ಬಿ ಹೆಗಲಿಗೇರಿಸಿಕೊಂಡು ಕ್ರಾಸಿನ ಬಸ್ಸಿಗೆ ಹೊರಟಳು.